ಕುಂಕುಮ ಹಚ್ಚಿದ ಸ್ಪ್ರಿಂಗು

ಫೋನು ಬಂದಾಗ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಪೇಟೆಯ ಬಂದೂಕಿನ ಅಂಗಡಿಯ ಸಾಬರು. "ಅಮ್ಮಾ, ನಿಮ್ಮ ಯಜಮಾನ್ರ ಗನ್ನು ತಕರಾರು ಮಾಡ್ತಾ ಇದೆ" ಅಂದರು.

ಯಜಮಾನರು ಹೋಗಿ ಎರಡು ವರ್ಷವಾಗಿತ್ತು. ಲೈಸೆನ್ಸು ಇದ್ದದ್ದು ಅವರ ಹೆಸರಿಗೆ. ಮನುಷ್ಯ ಸತ್ತಮೇಲೆ ಬಂದೂಕು ಮನೆಯಲ್ಲಿ ಇರೋ ಹಾಗಿಲ್ಲ, ಸ್ಟೇಷನ್ನಿಗೋ ಅಂಗಡಿಗೋ ಒಪ್ಪಿಸಬೇಕು. ತಿಥಿ ಆದ ವಾರದಲ್ಲೇ ಒಪ್ಪಿಸಿದೆ. ಲೈಸೆನ್ಸ್ ಇರುವ ಇನ್ನೊಬ್ಬ ಕೊಂಡುಕೊಂಡರೆ ಅವನ ಪಾಲು. ಯಾರೂ ಕೊಳ್ಳದಿದ್ದರೆ ಸರಕಾರಕ್ಕೆ ಹೋಗುತ್ತದೆ, ಅಲ್ಲಿ ಕತ್ತರಿಸಿ ಕರಗಿಸಿಬಿಡುತ್ತಾರೆ ಅಂತ ಸಾಬರು ಆಗಲೇ ಹೇಳಿದ್ದರು.

"ಏನು ಮಾಡ್ತದೆ?" ಅಂತ ಕೇಳಿದೆ.

"ಒಂದು ಸಲ ಎಳೆದ್ರೆ ಎರಡೆರಡು ತೋಟಾ ಬರ್ತಾ ಇದೆ. ಒಂದರ ಹಿಂದೆ ಒಂದು ಸಿಕ್ಕಾಕ್ಕೊಂಡು ನಿಂತೋಗ್ತದೆ. ಗುರುವಾರ ಗಿರಾಕಿ ಬರ್ತಾನೆ ಅಮ್ಮಾ. ಅವನ ಮುಂದೆ ಹಿಂಗೆ ಮಾಡಿದ್ರೆ ಮುಗೀತು. ಎರಡು ವರ್ಷಕ್ಕೆ ಬಂದಿರೋದು ಇವನೊಬ್ಬನೇ. ನಾನೂ ಇನ್ನು ಇಟ್ಕೊಳ್ಳೋಕಾಗಲ್ಲ, ಕಳಿಸ್ಬಿಡ್ತೀನಿ."

"ಎರಡೆರಡು ಬರ್ತದಾ?"

"ಹೂಂ. ಒಳಗೆ ಸವೆದೋಗಿದೆ. ಹಳೇ ಮಾಲು."

ನಾನು ಫೋನಿಟ್ಟು ಅವರೆಕಾಯಿ ಸುಲಿದು ಮುಗಿಸಿದೆ. ಕೈ ಅದರ ಪಾಡಿಗೆ ಮಾಡುತ್ತಿತ್ತು, ತಲೆ ಅಂಗಡಿಯಲ್ಲಿತ್ತು. ಆ ಬಂದೂಕು ಸವೆದಿಲ್ಲ. ಯಾರೋ ಸ್ಪ್ರಿಂಗಿಗೆ ಕೈ ಹಾಕಿದ್ದಾರೆ. ಅದು ನನಗೆ ಗೊತ್ತು. ಆ ಸ್ಪ್ರಿಂಗು ಮಾಡಿದವಳು ನಾನು.

ನಮ್ಮವರು ಗನ್‌ಮ್ಯಾನ್ ಆಗಿದ್ದರು. ಎ.ಟಿ.ಎಂ.ಗಳಿಗೆ ದುಡ್ಡು ತುಂಬುವ ವ್ಯಾನಿನಲ್ಲಿ ಹಿಂದೆ ಕೂರುವ ಕೆಲಸ. ಬೆಳಿಗ್ಗೆ ಪೀಣ್ಯದಿಂದ ಹೊರಟರೆ ಮಾರತ್ತಹಳ್ಳಿ, ಕುಂದಲಹಳ್ಳಿ, ವರ್ತೂರು ಅಂತ ಊರೆಲ್ಲಾ ಸುತ್ತಿ ಸಂಜೆಗೆ ಬರುತ್ತಿದ್ದರು. ಆ ಕೆಲಸಕ್ಕೆ ಬಂದೂಕು ನಮ್ಮದೇ ಇರಬೇಕು. ಬಂದೂಕಿದ್ದರೆ ಕೆಲಸ, ಬಂದೂಕು ಕೆಟ್ಟರೆ ಮನೆ. ಅವರದ್ದು ಪಂಪ್ ಗನ್ನು. ನಳಿಗೆಯ ಕೆಳಗೆ ಇನ್ನೊಂದು ಕೊಳವೆ, ಅದರೊಳಗೆ ಮದ್ದುಗುಂಡಿನ ತೋಟಾಗಳು ಸಾಲಾಗಿ ಮಲಗಿರುತ್ತವೆ. ಹಿಂದಿನಿಂದ ಉದ್ದ ಸ್ಪ್ರಿಂಗೊಂದು ಅವನ್ನ ತಳ್ಳುತ್ತಿರುತ್ತದೆ. ಕೊಳವೆಯ ಬಾಯಲ್ಲಿ ಬೆರಳುಗುರಿನಷ್ಟು ಒಂದು ಕಬ್ಬಿಣದ ಚೂರು, ಬಾಗಿಲ ಚಿಲಕ ಇದ್ದ ಹಾಗೆ. ಕೆಳಗಿನ ಮರದ ಹಿಡಿಯನ್ನ ಹಿಂದಕ್ಕೆ ಎಳೆದರೆ ಚಿಲಕ ಒಂದೇ ಒಂದು ತೋಟಾ ಬಿಡಬೇಕು, ಮುಂದಕ್ಕೆ ತಳ್ಳಿದರೆ ಅದು ಮೇಲೆ ಹತ್ತಿ ಒಳಗೆ ಕೂರಬೇಕು. ಸ್ಪ್ರಿಂಗು ಸೋತರೆ ತೋಟಾ ಬರುವುದಿಲ್ಲ. ಸ್ಪ್ರಿಂಗು ಸೊಕ್ಕಿದರೆ ಚಿಲಕ ತಡೆಯುವುದಿಲ್ಲ. ಇಷ್ಟೇ ಅದರ ರಾಮಾಯಣ.

ಇಪ್ಪತ್ತು ವರ್ಷ ಅವರು ಅದನ್ನ ಹೊತ್ತರು. ಯಾರ ಮೇಲೂ ಒಂದು ಗುಂಡು ಹಾರಿಸಲಿಲ್ಲ. ಆದರೆ ವ್ಯಾನಿನ ಕಂಪನಿಯವರು ಆಗಾಗ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದರು. ಎಳಿ, ತಳ್ಳು, ಎಳಿ, ತಳ್ಳು. ಸಿಕ್ಕಿಕೊಂಡರೆ ಅವತ್ತೇ ಮನೆಗೆ.

ಒಂದು ಸಲ ಸಿಕ್ಕಿಕೊಂಡಿತು. ಪರೀಕ್ಷೆಯಲ್ಲಲ್ಲ, ಪುಣ್ಯ, ಮನೆಯಲ್ಲಿ. ನಮ್ಮವರಿಗೆ ಒಂದು ಕೆಟ್ಟ ಅಭ್ಯಾಸ. ಭಯದ ಮನುಷ್ಯ, ಕೆಲಸದ ದಿನವೆಲ್ಲ ಕೊಳವೆ ತುಂಬಾ ತುಂಬಿಯೇ ಇಡುತ್ತಿದ್ದರು. ವರ್ಷಾನುಗಟ್ಟಲೆ ಅದುಮಿಟ್ಟರೆ ಯಾವ ಸ್ಪ್ರಿಂಗು ತಾನೆ ತಾಳುತ್ತದೆ? ಕೊನೆಯ ತೋಟಾ ಬರುವುದು ನಿಂತುಹೋಯಿತು. ಆಗ ಅಂಗಡಿಯಲ್ಲಿದ್ದವರು ಈಗಿನ ಸಾಬರ ಅಪ್ಪ, ದೊಡ್ಡ ಸಾಬರು. ಆ ಮಾಡಲನ್ನ ಬಂದೂಕಿನ ಕಂಪನಿಯವರು ನಿಲ್ಲಿಸಿದ್ದರು, ಅದರ ಸಾಮಾನು ಎಲ್ಲೂ ಸಿಗಲಿಲ್ಲ. ಬೇರೆ ಕಂಪನಿಯ ಸ್ಪ್ರಿಂಗು ಹಾಕಿಕೊಟ್ಟರು. ದಪ್ಪ ತಂತಿ. ಅದು ತಳ್ಳಿದ ರಭಸಕ್ಕೆ ತೋಟಾ ಎರಡೆರಡು ನುಗ್ಗಿ ಬಂದವು. ಆ ಚಿಲಕ ಹಿಡೀತಿಲ್ಲ ಅಂತ ಅದನ್ನೂ ತೆಗೆದು, ಆ ಇನ್ನೊಂದು ಕಂಪನಿಯ ಚಿಲಕವನ್ನೇ ಅರದಿಂದ ಉಜ್ಜಿ ಕೂರಿಸಿದರು. ಆಮೇಲೆ ಒಮ್ಮೆ ಒಂದು ಬರುತ್ತಿತ್ತು, ಒಮ್ಮೆ ಎರಡು.

ಬಂದೂಕು ಖಾಲಿ ಮಾಡಿ, ನಳಿಗೆ ಗೋಡೆ ಕಡೆ ತಿರುಗಿಸಿ, ಚಾಪೆ ಮೇಲೆ ನ್ಯೂಸ್‌ಪೇಪರ್ ಹಾಸಿ ನಮ್ಮವರು ಅದನ್ನ ಬಿಚ್ಚಿಕೊಂಡು ಕೂತರು. ಪರೀಕ್ಷೆ ನೋಡಲಿಕ್ಕೆ ಮರದ ಸುಳ್ಳು ತೋಟಾ ಇದ್ದವು. ಕೈಗೆ ಅರ ತಗೊಂಡರು.

"ಏನು ಮಾಡ್ತೀರಾ?" ಅಂದೆ.

"ಚಿಲಕ ಇನ್ನೊಂಚೂರು ಅರೀತೀನಿ ಕಣೆ."

"ಜನ ಜೋರಾಗಿ ಬಾಗ್ಲು ತಳ್ತಾವ್ರೆ ಅಂತ ಯಾರಾದ್ರೂ ಚಿಲಕ ಅರೀತಾರಾ? ತಳ್ಳೋನನ್ನ ಸುಮ್ನಿರಿಸ್ಬೇಕು."

"ಓಹೋ, ಬಂದ್ಲು ಇಂಜಿನಿಯರಮ್ಮ."

"ಇಂಜಿನಿಯರು ಅಲ್ದಿದ್ರೆ ಏನಾಯ್ತು. ದಿನಾ ಸಾವ್ರ ಸ್ಪ್ರಿಂಗು ಸುತ್ತೋಳು ನಾನು. ನೀವು ಒಂದು ಇಟ್ಕೊಂಡು ಒದ್ದಾಡ್ತಾ ಇದೀರ."

ನಾನು ಪೀಣ್ಯ ಎರಡನೇ ಹಂತದ ಒಂದು ಸ್ಪ್ರಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ತಗಡಿನ ಮಾಡು, ನಾಲ್ಕು ಮಿಷನ್ನು. ಸ್ಕೂಟರಿನ ಬ್ರೇಕು, ಶಟರು, ಪೆನ್ನು, ಎಲ್ಲದರ ಸ್ಪ್ರಿಂಗೂ ಅಲ್ಲಿ ಆಗುತ್ತಿತ್ತು. ಓದು ಬರದಿದ್ದರೂ ತಂತಿಯನ್ನ ಎರಡು ಬೆರಳಲ್ಲಿ ಹಿಡಿದರೆ ಎಷ್ಟು ದಪ್ಪ ಅಂತ ಹೇಳುತ್ತಿದ್ದೆ. ಹಳೇ ಸೋತ ಸ್ಪ್ರಿಂಗು, ಹೊಸಾ ಸೊಕ್ಕಿನ ಸ್ಪ್ರಿಂಗು ಎರಡನ್ನೂ ಅದುಮಿ ನೋಡಿದೆ. ಬೇಕಾದ್ದು ಅವೆರಡರ ನಡುವಿನದ್ದು. ಓನರನ್ನ ಕೇಳಿ ಮೂರು ಮಾಡಿದೆ. ದೊಡ್ಡ ಸಾಬರು ಒಂದೊಂದಾಗಿ ಹಾಕಿ ನೋಡಿ ಎರಡನೆಯದನ್ನ ಇಟ್ಟುಕೊಂಡರು. "ನೀನು ನಮ್ಮ ಅಂಗಡೀಗೆ ಬಂದ್ಬಿಡಮ್ಮ" ಅಂತ ನಕ್ಕರು. ಉಜ್ಜಿದ ಚಿಲಕಕ್ಕೂ ನನ್ನ ಸ್ಪ್ರಿಂಗಿಗೂ ಜೋಡಿ ಕೂತುಬಿಟ್ಟಿತು. ಹಳೇ ಚಿಲಕ ಮತ್ತೆ ಹಾಕೋಣವಾ ಅಂದರೆ ದೊಡ್ಡ ಸಾಬರೂ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ನಡೆಯುತ್ತಿರುವುದನ್ನ ಮುಟ್ಟಬಾರದು, ಪೀಣ್ಯದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು. ಹಳೇ ಚಿಲಕವನ್ನ ನಮ್ಮವರು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಬಿಸ್ಕತ್ ಡಬ್ಬಕ್ಕೆ ಹಾಕಿದರು.

ಅದಾದ ಮೇಲೆ ಆ ಬಂದೂಕು ಒಂದು ದಿನವೂ ತೊಂದರೆ ಕೊಡಲಿಲ್ಲ.

ಗಂಡ ಹೆಂಡತಿ ಎದುರಾಬದುರು ಕೂತು ಮಾತಾಡಬೇಕಾದರೆ ನಡುವೆ ಒಂದು ಕೆಟ್ಟ ಸಾಮಾನು ಇರಬೇಕು. ನಮ್ಮವರು ಮಾತಿನ ಮನುಷ್ಯ ಅಲ್ಲ. ವ್ಯಾನಿನಲ್ಲಿ ಸುಮ್ಮನೆ ಕೂತು ಕೂತು ಮನೆಯಲ್ಲೂ ಅದೇ ಆಗಿತ್ತು. ಬಂದೂಕು ರಿಪೇರಿಯಾದ ಆ ಹದಿನೈದು ದಿನ ಎಷ್ಟು ಮಾತಾಡಿದರೋ, ಅಷ್ಟು ಮಾತು ಮದುವೆಯಾದ ಹೊಸದರಲ್ಲೂ ಆಡಿರಲಿಲ್ಲ. ಸರಿಹೋದ ಮೇಲೆ ಮತ್ತೆ ಸುಮ್ಮನಾದರು. ಬಂದೂಕು ಇನ್ನೊಂದು ಸಲ ಕೆಟ್ಟರೆ ಚೆನ್ನಾಗಿತ್ತು ಅಂತ ನನಗೆ ಅನ್ನಿಸಿದ್ದುಂಟು. ಹೊಟ್ಟೆಪಾಡಿನ ವಸ್ತು, ಹಾಗೆ ಅಂದುಕೊಳ್ಳಬಾರದು. ಆದರೂ ಅನ್ನಿಸಿದ್ದು ಅನ್ನಿಸಿತು.

ಈಗ ಅವರ ಪಂಚೆ ಶರಟು ಯಾರ್‍ಯಾರಿಗೋ ಕೊಟ್ಟಾಯಿತು. ಸೈಕಲ್ಲು ಗುಜರಿಗೆ ಹೋಯಿತು. ಕನ್ನಡಕ ಯಾರಿಗೂ ಆಗುವುದಿಲ್ಲ, ಹಾಗೇ ಬಿದ್ದಿದೆ. ಅವರದ್ದು ಅಂತ ಇನ್ನೂ ಕೆಲಸ ಉಳಿದಿರುವ ವಸ್ತು ಆ ಬಂದೂಕೊಂದೇ. ಯಾರದ್ದಾದರೂ ಹೆಗಲ ಮೇಲೆ ಅದು ವ್ಯಾನು ಹತ್ತಲಿ, ಬಿಸಿಲು ಕಾಣಲಿ, ಕತ್ತರಿಸಿ ಕರಗಿಸುವುದು ಬೇಡ. ಎರಡು ವರ್ಷ ನಾನು ಬೇರೆ ಏನೂ ಆಸೆಪಟ್ಟಿರಲಿಲ್ಲ.

ಗುರುವಾರ ಬಿಸ್ಕತ್ ಡಬ್ಬ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಡಬ್ಬ ಯಾಕೆ ಬೇಕು ಅಂತ ಆಗ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಹೋಗಿ ನನ್ನ ಸ್ಪ್ರಿಂಗು ಮತ್ತೆ ಹಾಕಿಸಿದರೆ ಆಯಿತು ಅಂತಲೇ ಅಂದುಕೊಂಡಿದ್ದೆ.

ಅಂಗಡಿಯಲ್ಲಿ ಸಾಬರು ಬಂದೂಕನ್ನ ಗಾಜಿನ ಮೇಜಿನ ಮೇಲೆ ಮಲಗಿಸಿದ್ದರು. ಕೈ ಚಾಚಿದೆ.

"ಅಮ್ಮಾ, ಅಮ್ಮಾ! ಮುಟ್ಬೇಡಿ. ಲೈಸೆನ್ಸಿಲ್ಲ ನಿಮಗೆ."

"ಇಪ್ಪತ್ತು ವರ್ಷ ಇದರ ಪಕ್ಕದಲ್ಲಿ ಕಸ ಗುಡಿಸಿದೀನಿ."

"ಗುಡಿಸಿ. ಮುಟ್ಬೇಡಿ."

ಸ್ಟೂಲಿನ ಮೇಲೆ ಕೂತೆ. ಮರದ ಹಿಡಿಯ ಒಂದು ಕಡೆ ಪಾಲಿಶ್ ಹೋಗಿ ಬೆಳ್ಳಗಾಗಿತ್ತು. ಅವರ ಅಂಗೈ ಬೆವರು ಜಾಸ್ತಿ. ತಟ್ಟೆ, ಲೋಟ, ಬಾಗಿಲು, ಎಲ್ಲದರ ಮೇಲೂ ಗುರುತು ಬಿಡುತ್ತಿದ್ದರು, ಒರೆಸಿ ಒರೆಸಿ ಸಾಕಾಗುತ್ತಿತ್ತು ನನಗೆ. ಇದನ್ನ ಯಾರೂ ಒರೆಸಿರಲಿಲ್ಲ.

"ಒಳಗಿದ್ದ ಸ್ಪ್ರಿಂಗು ಎಲ್ಲಿ?" ಅಂದೆ.

"ಅದಾ? ಎಸೆದೆ. ಗಿರಾಕಿ ಬರ್ತಾನೆ ಅಂತ ಬಿಚ್ಚಿ ಕ್ಲೀನ್ ಮಾಡ್ದೆ. ಅರೆ, ಏನು ತುಕ್ಕು ಅಂತೀರಾ! ಸುತ್ತು ಸುತ್ತೂ ಕೆಂಪಗೆ. ನಿಮ್ಮ ಪುಣ್ಯ, ಇದೇ ಮಾಡಲ್‌ದು ಒಂದು ಗುಜರಿ ಗನ್ನಲ್ಲಿ ಒರಿಜಿನಲ್ ಸ್ಪ್ರಿಂಗು ಸಿಕ್ತು. ಅದನ್ನ ಹಾಕಿದೀನಿ."

ಡಬ್ಬದ ಚೀಲವನ್ನ ತೊಡೆಯ ಮೇಲೆ ಎಳೆದುಕೊಂಡೆ.

ಅದು ತುಕ್ಕಲ್ಲ. ಶೆಡ್ಡಿನಲ್ಲಿ ಆಯುಧಪೂಜೆ ದಿನ ಮಿಷನ್ನಿಗೆಲ್ಲಾ ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ ಮನೆಗೆ ಬರುತ್ತಿದ್ದೆವು. ಮನೆಯಲ್ಲಿ ನಮ್ಮವರು ಬಂದೂಕು ತೊಳೆದ ಹಾಗೆ ಒರೆಸಿ ಮಣೆ ಮೇಲೆ ಇಡುತ್ತಿದ್ದರು. ಎಲ್ಲರೂ ಹೊರಗಡೆ ಕುಂಕುಮ ಇಡುತ್ತಾರೆ. ನಾನು ಮಾತ್ರ ಕೊಳವೆಯ ಮುಚ್ಚಳ ಬಿಚ್ಚಿಸಿ, ಸ್ಪ್ರಿಂಗು ಹೊರಗೆ ಎಳೆಸಿ, ಅದಕ್ಕೂ ಇಡುತ್ತಿದ್ದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ. ನನ್ನ ಕೈಕೆಲಸಕ್ಕೆ ನಾನು ಪೂಜೆ ಮಾಡಬಾರದಾ? "ನೀನು ಮೆತ್ತಿ ಮೆತ್ತಿ ಒಂದಿನ ಇದು ಜಾಮ್ ಆಗ್ತದೆ ನೋಡು" ಅಂತ ನಮ್ಮವರು ಪ್ರತಿ ವರ್ಷ ಬೈದು, ಪ್ರತಿ ವರ್ಷ ಬಿಚ್ಚಿ ಕೊಡುತ್ತಿದ್ದರು. ಒರೆಸಿದರೂ ಸುತ್ತಿನ ಸಂದಿಯಲ್ಲಿ ಉಳಿದೇ ಉಳಿಯುತ್ತಿತ್ತು. ವರ್ಷದ ಮೇಲೆ ವರ್ಷ ಕೂತು ಗಟ್ಟಿಯಾಗಿತ್ತು, ಹಲ್ಲಿನ ಕಿಟ್ಟದ ಹಾಗೆ.

"ಸಾಬ್ರೆ, ಅದು ಕುಂಕುಮ" ಅಂದೆ.

"ಏನು?"

"ತುಕ್ಕಲ್ಲ. ಕುಂಕುಮ. ನಾನಿಟ್ಟಿದ್ದು."

ಅವರು ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಗನ್ನಿನ ಹೊಟ್ಟೆಯೊಳಗೆ ಯಾರಮ್ಮ ಕುಂಕುಮ ಇಡ್ತಾರೆ?"

"ಉಗುರಲ್ಲಿ ಕೆರೆದು ನೋಡಿದ್ರೆ ಗೊತ್ತಾಗೋದು. ನಿಮ್ಮಪ್ಪ ಆಗಿದ್ರೆ ಕೆರೀತಿದ್ರು."

ಅವರು ಕಸದ ಬುಟ್ಟಿ ನೋಡಿದರು, ಮೇಜಿನ ಕೆಳಗೆ ನೋಡಿದರು. ಗುಜರಿಯವನು ಸೋಮವಾರವೇ ಎತ್ತಿಕೊಂಡು ಹೋಗಿದ್ದ. ತಪ್ಪು ಅವರದ್ದು ಅಂತ ಬೈಯಲಿಕ್ಕೆ ಬಾಯಿ ತೆರೆದೆ, ಮುಚ್ಚಿದೆ. ಮೆತ್ತಿದವಳು ನಾನು.

ಮರದ ತೋಟಾ ಹಾಕಿ ಎಳೆದು ತೋರಿಸಿದರು. ಹೌದು, ಎರಡು ಬಂದವು. ಕಂಪನಿ ಸ್ಪ್ರಿಂಗು, ಕಂಪನಿ ತಾಕತ್ತು. ಎದುರಿಗೆ ನಿಂತಿರುವುದು ಬೇರೆ ಕಂಪನಿಯ ಚಿಲಕ, ಅದೂ ಅರೆದದ್ದು. ಹೇಗೆ ತಡೆಯುತ್ತದೆ? ನಮ್ಮ ಬೀದಿಯ ಮೆಕ್ಯಾನಿಕ್ಕು ಕೂಡ ಬೈಕಿಗೆ ಚೈನು ಹೊಸದು ಹಾಕಿದರೆ ಹಲ್ಲಿನ ಚಕ್ರವನ್ನೂ ಬದಲಾಯಿಸುತ್ತಾನೆ. ಜೋಡಿಯಲ್ಲಿ ಒಂದನ್ನೇ ಬದಲಾಯಿಸಿದರೆ ಎರಡೂ ಹಾಳು.

"ಒಳಗಿರೋ ಚಿಲಕ ಈ ಗನ್ನಿನದ್ದಲ್ಲ" ಅಂದೆ. "ನಿಮ್ಮಪ್ಪ ಹಾಕಿದ್ದು. ಸ್ಪ್ರಿಂಗು ನಾನು ಮಾಡಿದ್ದು. ಎರಡೂ ಸೇರಿ ನಡೀತಿತ್ತು."

ಅವರು ಭೂತಗನ್ನಡಿ ಹಿಡಿದು ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಅಪ್ಪನ ಅರದ ಗುರುತು ಕಂಡಿರಬೇಕು. "ಹೌದಮ್ಮಾ" ಅಂದರು, ಮೆಲ್ಲಗೆ. ಆಮೇಲೆ, "ಅಂಥದ್ದೇ ಸ್ಪ್ರಿಂಗು ಇನ್ನೊಂದು ಮಾಡ್ಕೊಡ್ತೀರಾ?"

ಆ ಶೆಡ್ಡು ಈಗಿಲ್ಲ. ಇದ್ದಿದ್ದರೂ ನನ್ನ ಬೆರಳಿಗೆ ಈಗ ಅವರೆಕಾಯಿಯಷ್ಟೇ ಗೊತ್ತಾಗುವುದು.

"ಇಲ್ಲ."

"ಹಂಗಾದ್ರೆ ಇದರದ್ದೇ ಚಿಲಕ ಬೇಕು. ಅದೆಲ್ಲಿ ಸಿಗ್ತದೆ? ಗುಜರಿ ಗನ್ನಲ್ಲಿದ್ದಿದ್ದು ಮುರಿದೋಗಿತ್ತು." ಗಡಿಯಾರ ನೋಡಿದರು. "ಅವನು ಬರೋ ಹೊತ್ತಾಯ್ತು."

ಡಬ್ಬ ನನ್ನ ತೊಡೆಯ ಮೇಲೇ ಇತ್ತು. ಆಗ ನನಗೆ ಅರ್ಥವಾಯಿತು. ಇದನ್ನ ಕೊಟ್ಟರೆ ಬಂದೂಕು ಸರಿಹೋಗುತ್ತದೆ. ಕಂಪನಿ ಚಿಲಕ, ಕಂಪನಿ ಸ್ಪ್ರಿಂಗು. ಹುಟ್ಟಿದಾಗ ಹೇಗಿತ್ತೋ ಹಾಗೆ ಆಗುತ್ತದೆ. ನಾವಿಬ್ಬರೂ ಚಾಪೆ ಮೇಲೆ ಕೂತು ಜಗಳವಾಡಿದ್ದು ಅದರೊಳಗೆ ಏನೂ ಇರುವುದಿಲ್ಲ. ಇಬ್ಬರೂ ಅದರಿಂದ ಹೊರಗೆ. ಕೊಡದಿದ್ದರೆ ಆ ಅರೆದ ಚಿಲಕ ಒಳಗೇ ಉಳಿಯುತ್ತದೆ, ಬಂದೂಕಿನ ಜೊತೆ ಕುಲುಮೆಗೆ ಹೋಗುತ್ತದೆ.

ಸ್ವಲ್ಪ ಹೊತ್ತು ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತೆ. ಚಹಾ ಬೇಕಾ ಅಂತ ಸಾಬರು ಕೇಳಿದರು. ಬೇಡ ಅಂದೆ. ಮುಚ್ಚಳ ಬಿಗಿಯಾಗಿತ್ತು, ಬೆರಳಲ್ಲಿ ಬರಲಿಲ್ಲ, ಅವರ ಹತ್ತಿರವೇ ಸ್ಕ್ರೂಡ್ರೈವರ್ ಇಸಕೊಂಡು ಮೀಟಿದೆ.

ಎಣ್ಣೆ ಬಟ್ಟೆಯೊಳಗಿನ ಚಿಲಕ ನೋಡಿ ಸಾಬರ ಕಣ್ಣು ಅರಳಿತು. ಆಮೇಲೆ ಬೈದರು. "ಇದನ್ನೂ ಮನೇಲಿ ಇಟ್ಕೊಂಡಿದ್ರಾ? ಬಂದೂಕಿನ ಸಾಮಾನಮ್ಮಾ! ಅದರ ಜೊತೇಲೇ ಒಪ್ಪಿಸ್ಬೇಕಿತ್ತು."

"ಕನ್ನಡಕಾನೂ ಒಪ್ಪಿಸ್ಲಾ?" ಅಂದೆ.

ಕೂರಿಸಲಿಕ್ಕೆ ಅರ್ಧ ಗಂಟೆ ಹಿಡಿಯಿತು. ಅರೆಯಬೇಕಾಗಲಿಲ್ಲ, ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ತೆಗೆದ ಚಿಲಕ ಮೇಜಿನ ಮೇಲಿತ್ತು. ಅದನ್ನ ನನಗೆ ಕೊಡಿ ಅಂದೆ. ಕೊಡೋ ಹಾಗಿಲ್ಲ ಅಂದರು. ಇನ್ನೊಂದು ಸಲ ಕೇಳಲಿಲ್ಲ. ಅವರು ಅದನ್ನ ಬುಟ್ಟಿಗೆ ಹಾಕದೆ, ತಮ್ಮ ಅಪ್ಪನ ಫೋಟೋ ಕೆಳಗಿನ ಡ್ರಾಯರ್ ಎಳೆದು ಅದರೊಳಗೆ ಇಟ್ಟರು. ನಾನು ಬೇರೆ ಕಡೆ ನೋಡಿದೆ.

ಗಿರಾಕಿ ಬಂದ. ನಲವತ್ತರ ಮೇಲಿನ ಗಂಡಸು, ಮಾಗಡಿ ಕಡೆಯವನು, ಎಲೆಕ್ಟ್ರಾನಿಕ್ ಸಿಟಿ ಕಡೆ ವ್ಯಾನಿನಲ್ಲಿ ಕೆಲಸ ಸಿಕ್ಕಿದೆಯಂತೆ, ಬಂದೂಕಿದ್ದರೆ. ಅವನ ಹೊಟ್ಟೆಯೂ ಇದಕ್ಕೇ ಕಾದಿತ್ತು. ಸಾಬರು "ಇವರೇ ಯಜಮಾನ್ರ ಮನೆಯವರು" ಅಂತ ನನ್ನನ್ನ ತೋರಿಸಿದರು. ಪಾಪ, ಅವನು ಚಪ್ಪಲಿ ಬಿಟ್ಟು, ಬಂದೂಕನ್ನ ಕಣ್ಣಿಗೊತ್ತಿಕೊಂಡ. ತುಂಬುವ ಮೊದಲು ಖಾಲಿಯಿದೆಯಾ ಅಂತ ನೋಡಿದ, ಅದು ನನಗೆ ಸರಿಬಂತು. ಮರದ ತೋಟಾ ತುಂಬಿ, ಹಿಡಿಯನ್ನ ಮೆಲ್ಲಗೆ, ಕೂಸಿನ ಕೈ ಹಿಡಿದ ಹಾಗೆ ಎಳೆದ.

ಸಿಕ್ಕಿಕೊಂಡಿತು.

ಸಾಬರ ಮುಖ ಬಿಳುಚಿತು. ಅವನು ನನ್ನ ಕಡೆ ನೋಡಿದ. "ಅಜ್ಜೀ, ಇದು..."

"ಇದಲ್ಲ, ನೀನು" ಅಂದೆ. "ಅರ್ಧ ಎಳೆದು ಬಿಟ್ರೆ ಯಾವ ಪಂಪ್ ಗನ್ನು ತೋಟಾ ನುಂಗ್ತದೆ? ಅತ್ತೆ ಮನೆ ಬಾಗ್ಲು ತೆಗ್ದಂಗೆ ಎಳೀತಿದೀಯಲ್ಲ. ಜೋರಾಗಿ ಎಳಿ. ಕೊನೇವರ್ಗೂ ಹೋಗ್ಲಿ. ಅಲ್ಲಿಂದ ಅಂಗೇ ತಳ್ಳು."

"ಹಳೇದು, ಎಲ್ಲಿ ಮುರೀತದೋ ಅಂತ..."

"ನಾನು ಹಳೇವ್ಳು, ಮುರಿದಿದೀನಾ? ಎಳಿಯೋ."

ನಕ್ಕ. ಬಿಡಿಸಿಕೊಂಡು, ಗಟ್ಟಿಯಾಗಿ ಹಿಡಿದು ಎಳೆದ, ತಳ್ಳಿದ. ಒಂದು ಬಂತು. ಒಂದೇ. ಮತ್ತೆ ಎಳೆದ, ಮತ್ತೊಂದು. ಮರದ ತೋಟಾಗಳು ಒಂದೊಂದಾಗಿ ಮೇಜಿನ ಮೇಲೆ ಹಾರಿ ಬಿದ್ದು ಉರುಳಿದವು.

ನಮ್ಮವರು ದಿನಾ ಬೆಳಿಗ್ಗೆ ಇದನ್ನೇ ಮಾಡುತ್ತಿದ್ದರು. ಆರು ಗಂಟೆಗೆ, ಕಾಫಿಗೆ ಮುಂಚೆ, ಗೋಡೆ ಕಡೆ ತಿರುಗಿ ನಿಂತು, ಐದು ಸಲ. ನಾನು ಒಲೆ ಮುಂದೆ ಇರುತ್ತಿದ್ದೆ. ಆ ಸದ್ದಿಗೆ ಹಾಲು ಕೂಡ ಬೆಚ್ಚಿಬೀಳ್ತದೆ, ಸಾಕು ನಿಲ್ಲಿಸಿ ಅಂತ ಕೂಗುತ್ತಿದ್ದೆ. ಅವರು ಐದು ಮುಗಿಸದೆ ಯಾವತ್ತೂ ನಿಲ್ಲಿಸಲಿಲ್ಲ.

"ಸರಿಯಾಗಿದ್ಯಾ ಅಜ್ಜಿ?" ಅಂತ ಅವನು ಕೇಳಿದ. ಸಾಬರು ಆಗಲೇ ಕಾಗದಪತ್ರ ತೆಗೆಯುತ್ತಿದ್ದರು.

"ಇನ್ನೊಂದು ಸಲಿ ತುಂಬು" ಅಂದೆ.

ತುಂಬಿದ. ಎಳೆದ, ತಳ್ಳಿದ. ನಾನು ತಲೆ ಬಗ್ಗಿಸಿ, ಎಲ್ಲೋ ಏನೋ ತಪ್ಪು ಹುಡುಕುವವಳ ಹಾಗೆ ಕಿವಿಗೊಟ್ಟು ಕೇಳಿದೆ. ತಪ್ಪು ಏನೂ ಇರಲಿಲ್ಲ.

"ಈಗ?"

"ಇನ್ನೊಂದು ಸಲಿ."